ಯಾವಾಗ ಬತ್ತದೆ ಸದ್ದು?

ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ನಮ್ಮ ಕಡೆ ರಾತ್ರಿಗೆ ನಿದ್ದೆಯಿಲ್ಲ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಈ ಮೂರೂ ತಾಲ್ಲೂಕುಗಳಲ್ಲಿ ಜುಲೈ ಬಂತೆಂದರೆ ಊರೂರಿನ ಬ್ಯಾರನ್‌ಗಳಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗಳಿಗೆ, ಬೆಂಕಿ ಬೀಳುತ್ತದೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಒಳಗೆ ಏರಿಸಿ ಬಾಗಿಲು ಹಾಕಿದ ಮೇಲೆ ಹೆಚ್ಚುಕಡಿಮೆ ಒಂದು ವಾರ ಬೆಂಕಿ ಆರುವ ಹಾಗಿಲ್ಲ, ಹದ ಮೀರಿ ಏರುವ ಹಾಗೂ ಇಲ್ಲ. ಮೊದಲು ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ನಡುವಿನ ದಂಟು. ದಂಟು ಒಣಗುವ ಹೊತ್ತಿಗೆ ಒಳಗಿನ ಶಾಖ 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಿರುತ್ತದೆ. ಒಲೆಯ ಬಾಯಲ್ಲಿ ಒಬ್ಬರಲ್ಲ ಒಬ್ಬರು ಕೂತಿರಲೇಬೇಕು. ಕೂತವರಿಗೆ ಕಥೆ ಬೇಕು. ಆನೆ ಅಟ್ಟಿಸಿಕೊಂಡು ಬಂದದ್ದು, ಕಟ್ಟೆಮಳಲವಾಡಿ ಹರಾಜಿನಲ್ಲಿ ಕಣ್ಣೆದುರೇ ರೇಟು ಬಿದ್ದದ್ದು, ಯಾರದೋ ಮದುವೆ ಮುರಿದು ಕೂಡಿದ್ದು. ಸರದಿ ನನಗೆ ಬಂದಾಗ ನಾನು ಹೇಳುವುದು ನಮ್ಮ ಕಾರಿನ ಮುಂದಿನ ಗಾಲಿಯ ಸದ್ದಿನ ಕಥೆ. ಹಲವರಿಗೆ ಅದು ಬಾಯಿಪಾಠ. ಆದರೂ ಹೊಸದಾಗಿ ಕಾರು ಕೊಂಡವನೊಬ್ಬ ಗುಂಪಿನಲ್ಲಿದ್ದರೆ ನಾನು ಬಿಡುವುದಿಲ್ಲ.

ಕಾರು ಬಿಳಿ ಮಾರುತಿ 800. ಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಹೊರಬಂದಾಗಿನಿಂದ 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಈ ದೇಶದ ಎಷ್ಟೋ ಮನೆಗಳ ಮೊದಲ ಕಾರು ಅದೇ. ನಮ್ಮದೂ ಅಷ್ಟೆ. 796 ಸಿಸಿ ಎಂಜಿನ್ನು, ಹನ್ನೆರಡು ಇಂಚಿನ ಪುಟ್ಟ ಗಾಲಿ. ಊರಿರುವುದು ಬೆಟ್ಟದಪುರದ ಆಸುಪಾಸಿನಲ್ಲಿ. ಮನೆಯಿಂದ ಟಾರು ರಸ್ತೆಗೆ ಸೇರುವಷ್ಟರಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರು ಕೊರೆದ ಕೆಮ್ಮಣ್ಣಿನ ಜಾಡು. ದೊಡ್ಡ ಗಾಲಿಯ ಗಾಡಿ ಸುಮ್ಮನೆ ದಾಟಿಹೋಗುವ ಗುಂಡಿಯೊಳಕ್ಕೆ ಆ ಹನ್ನೆರಡು ಇಂಚಿನ ಗಾಲಿ ಪೂರ್ತಿ ಇಳಿದು ಎದ್ದು ಬರಬೇಕು. ಅಂಥ ದಾರಿಯಲ್ಲಿ ಎಂಜಿನ್ನಿಗಿಂತ ಮುಂಚೆ ಸುಸ್ತಾಗುವುದು ಗಾಲಿಯನ್ನು ಹಿಡಿದುಕೊಂಡಿರುವ ಸಾಮಾನುಗಳು.

ಸದ್ದು ಮೊದಲು ಕಿವಿಗೆ ಬಿದ್ದದ್ದು ಕೆ.ಆರ್. ನಗರದ ಕಡೆಯಿಂದ ಬರುವಾಗ. ಕಾವೇರಿ ತುಂಬಿದ್ದಾಳೆ ಅಂತ ಮನೆಮಂದಿಯೆಲ್ಲ ಚುಂಚನಕಟ್ಟೆಗೆ ಹೋಗಿದ್ದೆವು. ಹೊಳೆ ಎರಡು ಕವಲಾಗಿ ಧುಮುಕುವುದನ್ನು ನೋಡಿ, ರಾಮದೇವರಿಗೆ ಹಣ್ಣುಕಾಯಿ ಮಾಡಿಸಿ ಹಿಂದಿರುಗುವಾಗ, ನಾಟಿಗೆ ಗದ್ದೆ ಉತ್ತ ಟ್ರ್ಯಾಕ್ಟರುಗಳು ರಸ್ತೆ ತುಂಬ ಕೆಸರು ಹರಡಿದ್ದವು. ಕೆಸರಿನಡಿಯ ಗುಂಡಿ ಕಾಣಲಿಲ್ಲ. ಎಡಗಾಲಿ ಧಡ್ ಎಂದು ಬಿತ್ತು. ಅಲ್ಲಿಂದ ಮುಂದೆ ಬ್ರೇಕು ಮುಟ್ಟಿದಾಗೊಮ್ಮೆ, ಗುಂಡಿ ಇಳಿದಾಗೊಮ್ಮೆ ಮುಂದುಗಡೆ ಎಲ್ಲೋ ‘ಟಕ್’.

ಆ ‘ಎಲ್ಲೋ’ ಎಂಬುದೇ ಗೋಳು. ಅವ್ವನಿಗೆ ಅದು ಎಡಗಡೆ ಕೇಳಿಸಿತು. ಹಿಂದೆ ಕೂತ ಚಿಕ್ಕಪ್ಪನಿಗೆ ಬಲಗಡೆ. ನನಗೆ ನೇರ ಪೆಡಲಿನ ಅಡಿಯಲ್ಲೇ. ತಗಡಿನ ಮೈಯಲ್ಲಿ ಸದ್ದು ಹುಟ್ಟುವ ಜಾಗ ಒಂದಾದರೆ ಕೇಳಿಸುವ ಜಾಗ ಇನ್ನೊಂದು. ಎಡಗಾಲಿಯ ಬಡಿತ ಎರಡೂ ಗಾಲಿಗಳ ನಡುವೆ ಹಾದುಹೋಗುವ ಕಬ್ಬಿಣದ ಅಡ್ಡಪಟ್ಟಿ ಹಿಡಿದು ಬಲಗಡೆ ಹೋಗಿ ಅಲ್ಲಿ ಮಾತಾಡಬಹುದು. ಇದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ.

ಅಪ್ಪ ಕಾರನ್ನು ದೊಡ್ಡ ಊರಿನ ಗ್ಯಾರೇಜೊಂದಕ್ಕೆ ಬಿಟ್ಟರು. ಯಾವ ಊರು, ಯಾವ ಗ್ಯಾರೇಜು ಅನ್ನುವುದು ಈ ಕಥೆಗೆ ಬೇಡ. ಅಲ್ಲಿನವರು ಬಾನೆಟ್ಟು ಎತ್ತಿ, ಕಾರಿನ ಮೂತಿಯನ್ನು ಒಮ್ಮೆ ಕೆಳಗೆ ಅಮುಕಿ ಬಿಟ್ಟು, ‘ಶಾಕ್ ಅಬ್ಸಾರ್ಬರ್ ಹೋಗಿದೆ’ ಎಂದರು. ಎರಡೂ ಕಡೆಯ ಶಾಕ್ ಅಬ್ಸಾರ್ಬರ್ ಹೊಸದು ಹಾಕಿದರು. ಬಿಲ್ಲು ನೋಡಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾರಿನ ನಡಿಗೆ ಮೆತ್ತಗಾಯಿತು ನಿಜ. ಟಕ್ ಮಾತ್ರ ಹಾಗೇ ಇತ್ತು. ಮತ್ತೆ ತೋರಿಸಿದಾಗ, ‘ಹಳೇ ಗಾಡಿ ಅಲ್ವಾ ಸಾರ್, ಸ್ವಲ್ಪ ಸದ್ದು ಇರ್ತದೆ’ ಎಂದರಂತೆ. ಈ ಮಾತನ್ನು ನಾನು ಈಗಲೂ ಅಲ್ಲಿ ಇಲ್ಲಿ ಕೇಳುತ್ತೇನೆ, ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಹಳೇ ಗಾಡಿಯಲ್ಲೂ ಪ್ರತಿ ಸದ್ದಿಗೂ ಒಂದು ಕಾರಣ ಇದ್ದೇ ಇರುತ್ತದೆ. ಕಾರಣ ಹುಡುಕದೆ ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಕೆಲಸಗಾರರಿಗೆ ತಕ್ಕದ್ದಲ್ಲ.

ಅಷ್ಟರಲ್ಲಿ ಅಕ್ಕನನ್ನು ಕರೆತರುವ ದಿನ ಬಂತು. ಅಕ್ಕನ ಗಂಡನ ಮನೆ ಸರಗೂರು, ಆಗ ಅದು ಎಚ್.ಡಿ. ಕೋಟೆ ತಾಲ್ಲೂಕಿಗೇ ಸೇರಿತ್ತು. ಚೊಚ್ಚಲ ಬಸುರಿ, ಒಂಬತ್ತು ತುಂಬುವುದರೊಳಗೆ ತವರಿಗೆ ಬರಬೇಕು. ಬಸ್ಸಿನಲ್ಲಿ ಆ ದಾರಿ ಅವಳಿಗೆ ಆಗುವುದಿಲ್ಲ. ಅಪ್ಪ ಹೊರಡುವ ಹಾಗಿಲ್ಲ, ಬ್ಯಾರನ್ ತುಂಬಿ ಬೆಂಕಿ ಹಾಕಿ ಎರಡು ದಿನವಾಗಿತ್ತು. ಚಿಕ್ಕಪ್ಪ, ನಾನು ಹೊರಟೆವು. ನಾನಾಗ ಕಾಲೇಜು, ಲೈಸೆನ್ಸು ಹೊಸದು. ಹೊರಡುವಾಗ ಅಪ್ಪ ಒಲೆ ಮುಂದೆ ಕೂತಿದ್ದವರು ಎದ್ದು ಬಂದು, ‘ಹುಣಸೂರಲ್ಲಿ ಮೇಸ್ತ್ರಿಗೆ ಒಂದ್ಸಲ ತೋರಿಸ್ಕೊಂಡು ಹೋಗಿ. ಅವರು ಬೇಡ ಅಂದ್ರೆ ಕಾರು ಅಲ್ಲೇ ಬಿಟ್ಟು ಬಾಡಿಗೆ ಗಾಡಿ ಮಾಡ್ಕೊಂಡು ಹೋಗಿ’ ಎಂದರು.

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯಿಂದ ದೂರವಿಲ್ಲದ ಜಾಗದಲ್ಲಿ ಮೇಸ್ತ್ರಿಯ ಶೆಡ್ಡು. ಬೋರ್ಡು ಇರಲಿಲ್ಲ. ಮುಂದೊಂದು ಹುಣಸೆಮರ, ಅದರ ಕೆಳಗೆ ಯಾವಾಗಲೂ ಒಂದಿಲ್ಲೊಂದು ಅಂಬಾಸಿಡರ್. ಅಂಬಾಸಿಡರ್ ಕಾಲದ ಕೈ ಅವರದು. ಅದರ ಮುಂದಿನ ಗಾಲಿಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ, ಉದ್ದಕ್ಕೂ ಮಲಗಿಸಿದ ತಿರುಚುವ ಕಂಬಿ, ಟಾರ್ಷನ್ ಬಾರ್. ಅದರ ಕೀಲುಗಳಿಗೆ ಆಗಾಗ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಬೇಕು. ತುಂಬದಿದ್ದರೆ ಗಾಡಿ ತಾನೇ ಕಿರುಗುಟ್ಟಿ ಹೇಳುತ್ತದೆ. ಮಾರುತಿ ಬಂದ ಮೇಲೆ ಗ್ರೀಸಿನ ಜಾಗಕ್ಕೆ ರಬ್ಬರ್ ಬುಷ್ ಬಂತು, ಸುಮಾರು ಜನ ಮೆಕ್ಯಾನಿಕ್ಕುಗಳು ಹಳೇ ಅಭ್ಯಾಸ ಬಿಡದೆ ರಬ್ಬರಿಗೂ ಎಂಜಿನ್ ಆಯಿಲ್ ಬಳಿದರು. ಆಯಿಲ್ ತಗುಲಿದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗಿ ಹರಿಯುತ್ತದೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದೆಂದು ಅಡಿಗೆಲ್ಲ ವೇಸ್ಟ್ ಆಯಿಲ್ ಹೊಡೆಸುವುದು ನಮ್ಮಲ್ಲಿ ಈಗಲೂ ಇದೆ. ಮೇಸ್ತ್ರಿ ಅದನ್ನು ಕಂಡರೆ ಸಿಡುಕುತ್ತಿದ್ದರು. ‘ತಗಡು ಉಳಿಸಕ್ಕೋಗಿ ರಬ್ಬರ್ ಸಾಯಿಸ್ತಾರೆ’ ಅನ್ನುವರು.

ಚಿಕ್ಕಪ್ಪ ಇಳಿದವರೇ ಶುರುಮಾಡಿದರು. ‘ಮೇಸ್ತ್ರಿ, ಬಲಗಡೆ ಮುಂದ್ಗಡೆ ಗಾಲಿ ಹತ್ರ ಸದ್ದು...’

ಮೇಸ್ತ್ರಿ ಕೈ ಎತ್ತಿ ತಡೆದರು. ‘ಗೌಡ್ರೆ, ಎಲ್ಲಿ ಬತ್ತದೆ ಅಂತ ಹೇಳ್ಬೇಡಿ. ಅದನ್ನ ನಾನು ನೋಡ್ಕತೀನಿ. ಯಾವಾಗ ಬತ್ತದೆ ಅಂತ ಹೇಳಿ.’

ಚಿಕ್ಕಪ್ಪನಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ‘ಯಾವಾಗ ಅಂದ್ರೆ? ಓಡ್ಸುವಾಗ.’

‘ಓಡ್ಸುವಾಗ ಅಂದ್ರೆ ಗುಂಡಿಗೆ ಬಿದ್ದಾಗಲಾ, ಎದ್ದಾಗಲಾ? ಬ್ರೇಕ್ ಹಿಡಿದಾಗಲಾ, ಬಿಟ್ಟಾಗಲಾ? ಸ್ಟೀರಿಂಗ್ ತಿರುಗಿಸಿದಾಗ ಬತ್ತದಾ? ತಿರುಗಿಸಿದ್ರೆ ಯಾವ ಕಡೆಗೆ? ನಿಂತ ಗಾಡೀಲಿ ತಿರುಗಿಸಿದ್ರೂ ಬತ್ತದಾ? ಸ್ಪೀಡು ಜಾಸ್ತಿ ಆದಂಗೆ ಸದ್ದೂ ಜಾಸ್ತಿ ಆಯ್ತದಾ? ಮಳೇಲಿ ಬತ್ತದಾ, ಬಿಸಿಲಲ್ಲಿ ಬತ್ತದಾ?’

ನಾವು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟು ದಿನ ಆ ಸದ್ದಿನ ಜೊತೆ ಓಡಾಡಿದ್ದೆವು, ಇದರಲ್ಲಿ ಒಂದಕ್ಕೂ ಖಚಿತವಾದ ಉತ್ತರ ನಮ್ಮಲ್ಲಿ ಇರಲಿಲ್ಲ.

ಆ ಪ್ರಶ್ನೆಗಳ ಹಿಂದೆ ಏನಿತ್ತು ಎಂಬುದನ್ನು ಆ ದಿನವೂ ಆಮೇಲೂ ಅವರ ಬಾಯಿಂದಲೇ ತಿಳಿದುಕೊಂಡೆ. ಸಣ್ಣ ಸಣ್ಣ ಉಬ್ಬುತಗ್ಗಿನಲ್ಲಿ ಬಿಡದೆ ಟಕಟಕ ಅಂದರೆ ಸ್ಟೆಬಿಲೈಜರ್ ರಾಡಿನ ಬುಷ್ಷನ್ನು ಮೊದಲು ನೋಡಬೇಕು. ಬ್ರೇಕು ಹಿಡಿದಾಗ ಒಂದೇ ಒಂದು ಸಲ, ಬಿಟ್ಟು ಎಳೆದಾಗ ಇನ್ನೊಂದು ಸಲ ಬಂದರೆ ಗಾಲಿ ಹಿಂದಕ್ಕೂ ಮುಂದಕ್ಕೂ ಸರಿದಾಡುತ್ತಿದೆ ಎಂದರ್ಥ, ಅದನ್ನು ಹಿಡಿಯಬೇಕಾದ ರಬ್ಬರ್ ಸೋತಿದೆ. ಪೂರ್ತಿ ತಿರುಗಿಸಿ ಎಕ್ಸಲರೇಟರ್ ಕೊಟ್ಟಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಬಿಗಿದು ‘ಟೊಂಯ್’ ಎಂದು ಜಾರಿದರೆ ಶಾಕ್ ಅಬ್ಸಾರ್ಬರ್ ತಲೆಯ ಮೇಲಿನ ಬೇರಿಂಗ್. ಸ್ಪೀಡಿನ ಜೊತೆ ಏರುವ ಗುಂಯ್ ಸದ್ದು ಗಾಲಿಯ ಬೇರಿಂಗಿನದು, ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲಿದಾಗ ಅದು ಹೆಚ್ಚುಕಡಿಮೆ ಆಗುತ್ತದೆ. ಗುಂಡಿಯಲ್ಲಿ ಕೇಳಿಸುವ ಗಿಲಕಿಯಂಥ ಸದ್ದು ಬ್ರೇಕನ್ನು ಮೆಲ್ಲಗೆ ಮುಟ್ಟಿದ ಕೂಡಲೇ ನಿಂತರೆ ಅದು ಸಸ್ಪೆನ್ಷನ್ನೇ ಅಲ್ಲ, ಬ್ರೇಕ್ ಪ್ಯಾಡುಗಳು ಸಡಿಲವಾಗಿ ಅಲ್ಲಾಡುತ್ತಿವೆ. ಬರೀ ಕಿರುಗುಟ್ಟುವುದಾದರೆ ಒಂದೊಂದೇ ಬುಷ್ಷಿನ ಮೇಲೆ ನೀರು ಹಾಕುತ್ತ ಬರಬೇಕು, ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗುತ್ತದೋ ಕಳ್ಳ ಅಲ್ಲಿದ್ದಾನೆ.

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಡಿಕ್ಕಿ ತೆಗೆಸಿದರು. ಅಕ್ಕನ ಮನೆಗೆಂದು ಹಾಕಿದ್ದ ತೆಂಗಿನಕಾಯಿ ಮೂಟೆ, ಜಾಕು, ಗಾಲಿ ಪಾನಾ, ಸ್ಟೆಪ್ನಿ ಎಲ್ಲ ಹೊರಗೆ ಬಂತು. ಮುಂದಿನ ಡ್ಯಾಶಿನ ಡಬ್ಬಿಯಲ್ಲಿದ್ದ ಟಾರ್ಚು, ಗಣಪತಿ ಮುಂದಿನ ಊದುಬತ್ತಿ ಸ್ಟ್ಯಾಂಡು ಕೂಡ. ‘ಜಾಕು ಲೂಸಾಗಿದ್ದಕ್ಕೆ ಇಂಜಿನ್ ಬಿಚ್ಚಿದವ್ರೂ ಅವ್ರೆ’ ಎಂದರು. ಆಮೇಲೆ ನನ್ನನ್ನು ಸ್ಟೀರಿಂಗಿಗೆ ಕೂರಿಸಿ ತಾವು ಪಕ್ಕದಲ್ಲಿ ಕೂತರು. ಚಿಕ್ಕಪ್ಪ ಹಿಂದೆ ಹತ್ತಲು ಬಂದರೆ ಬೇಡವೆಂದರು. ಗ್ಲಾಸುಗಳನ್ನು ಪೂರ್ತಿ ಇಳಿಸಿಸಿದರು. ಹೊರಗೆ ತುಂತುರು, ಮಳೆ ಒಳಗೆ ಬರುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ.

ಊರ ಹೊರಗೆ ಒಂದು ಖಾಲಿ ಬಯಲು. ಅಲ್ಲಿ ನನ್ನಿಂದ ಅವರು ಓಡಿಸಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ನೇರ ಹೋಗಿ ಮೆಲ್ಲಗೆ ಬ್ರೇಕು. ಟಕ್. ಕ್ಲಚ್ ಬಿಟ್ಟು ಹೊರಟಾಗ ಮತ್ತೆ ಟಕ್. ರಿವರ್ಸಿನಲ್ಲಿ ಹೋಗಿ ಬ್ರೇಕು. ಟಕ್. ‘ಇನ್ನೊಂದ್ಸಲ’ ಎಂದರು. ಮತ್ತೆ ಟಕ್. ಎಡಕ್ಕೆ ಪೂರ್ತಿ ತಿರುಗಿಸಿ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಕಟಕಟ ಇಲ್ಲ. ‘ಆಕ್ಸಲ್ ಚೆನ್ನಾಗದೆ. ಅದನ್ನ ಮರ್ತುಬಿಡು’ ಎಂದರು. ನಿಲ್ಲಿಸಿ, ಬಾನೆಟ್ಟು ಎತ್ತಿ, ಶಾಕ್ ಅಬ್ಸಾರ್ಬರ್ ತಲೆಯ ಮೇಲೆ ಅಂಗೈ ಇಟ್ಟು ನನ್ನಿಂದ ಸ್ಟೀರಿಂಗ್ ತಿರುಗಿಸಿಸಿದರು. ಆಮೇಲೆ ಗಾಲಿಯ ಸಂದಿಯಿಂದ ಕೈ ತೂರಿಸಿ ಸ್ಪ್ರಿಂಗ್ ಹಿಡಿದುಕೊಂಡು ಮತ್ತೆ ತಿರುಗಿಸು ಎಂದರು. ಸ್ಪ್ರಿಂಗ್ ಜಿಗಿಯಲಿಲ್ಲ. ಅದನ್ನೂ ಮರೆ. ಹೀಗೆ ಒಂದೊಂದನ್ನೇ ಮರೆಯಿಸುತ್ತ ಬಂದರು. ಕಡೆಗೆ ಇಳಿದು, ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಒತ್ತಿಟ್ಟುಕೊಂಡು ಪಕ್ಕದಲ್ಲೇ ನಡೆಯುತ್ತ, ನಡಿಗೆಯ ವೇಗದಲ್ಲಿ ಓಡಿಸಿ ಬ್ರೇಕು ಹಿಡಿ ಎಂದರು. ಬಲಗಡೆಗೆ ಬಂದು ಅದೇ. ಕಿವಿಗೆ ಎರಡೂ ಒಂದೇ. ಕೈಗೆ ಒಂದೇ ಅಲ್ಲ. ಬಡಿತ ಹುಟ್ಟುವ ಕಡೆ ತಗಡು ಗಟ್ಟಿಯಾಗಿ ಗುದ್ದುತ್ತದೆ, ಹರಿದು ಬಂದ ಕಡೆ ಬರೀ ನಡುಗುತ್ತದೆ. ನನ್ನ ಕೈಯನ್ನೂ ಹಿಡಿದು ಇಡಿಸಿದರು. ಎಡಗಡೆ ಗುದ್ದು ಅಂಗೈಗೆ ತಟ್ಟಿದಾಗ ಮೈ ಜುಂ ಎಂದಿತು. ಅಷ್ಟು ದಿನ ಗಾಳಿಯಲ್ಲಿದ್ದದ್ದು ಕೈಗೆ ಸಿಕ್ಕಿತ್ತು.

ಮಾರುತಿಯ ಮುಂದಿನ ಗಾಲಿಯ ಕಟ್ಟು ಹೇಗಿದೆ ಎಂದು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮೇಸ್ತ್ರಿ ಹಿಡಿದದ್ದು ಏನೆಂದು ತಿಳಿಯುವುದಿಲ್ಲ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಕಂಬ. ಕಾರಿನ ಭಾರವೆಲ್ಲ ಮೇಲಿನಿಂದ ಆ ಕಂಬದ ತಲೆಯ ಮೇಲೆ ಕೂರುತ್ತದೆ. ಇದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಷೆವರ್ಲೆ ಕಂಪನಿಯ ಒಂದು ಸಣ್ಣ ಕಾರಿಗೆಂದು ಯೋಚಿಸಿದ್ದು. ಆ ಕಾರು ಮಾರುಕಟ್ಟೆಗೇ ಬರಲಿಲ್ಲ. ಅವರು ಫೋರ್ಡ್‌ಗೆ ಹೋದರು, 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಆ ಕಂಬದ ಮೇಲೆ ನಿಂತಿತು. ಈಗ ಜಗತ್ತಿನ ಸಣ್ಣ ಕಾರುಗಳಲ್ಲಿ ಬಹುಪಾಲು ನಿಂತಿರುವುದು ಅದರ ಮೇಲೆಯೇ. ಕಂಬದ ಬುಡವನ್ನು ಕೆಳಗಿನಿಂದ ಹಿಡಿಯುವುದು ಲೋಯರ್ ಆರ್ಮ್ ಎಂಬ ತೋಳು. ತೋಳಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಬಟ್ಟಲೊಳಗೆ ಗುಂಡು ಕೂತು ಎಲ್ಲ ಕಡೆಗೂ ತಿರುಗುವ ಕೀಲು. ತೋಳು ಅಡ್ಡಕ್ಕೆ ಮಾತ್ರ ಗಟ್ಟಿ. ಬ್ರೇಕು ಹಿಡಿದಾಗ ಗಾಲಿ ಹಿಂದಕ್ಕೆ ಸರಿಯದ ಹಾಗೆ ತಡೆಯುವ ಕೆಲಸ ಮಾರುತಿ 800ರಲ್ಲಿ ಸ್ಟೆಬಿಲೈಜರ್ ರಾಡಿನದು. ಅದು ಎಡಗಾಲಿಯಿಂದ ಬಲಗಾಲಿಗೆ ಹೋಗಿ ಕಾರು ವಾಲದಂತೆ ನೋಡಿಕೊಳ್ಳುತ್ತದೆ, ಜೊತೆಗೆ ತನ್ನ ಎರಡೂ ತುದಿಗಳಿಂದ ತೋಳುಗಳನ್ನು ಹಿಂದೆಮುಂದೆ ಸರಿಯದಂತೆ ಹಿಡಿದಿರುತ್ತದೆ. ಒಂದೇ ಸರಳಿಗೆ ಎರಡು ಕೆಲಸ. ಹಗುರ, ಅಗ್ಗ, ಜಾಣತನದ ಕೆಲಸ ಅದು. ಆದರೆ ತುದಿಯ ರಬ್ಬರ್ ಬುಷ್ ತಿಂದುಹೋದರೆ ಎರಡು ಕೆಲಸವೂ ಕೆಡುತ್ತದೆ.

ಶೆಡ್ಡಿಗೆ ಬಂದು ಜಾಕ್ ಹಾಕಿ ಗಾಲಿ ಬಿಚ್ಚಿದಾಗ ಎಡತುದಿಯ ಬುಷ್ ಅರ್ಧ ಇರಲೇ ಇಲ್ಲ. ಉಳಿದದ್ದು ಬೆರಳಲ್ಲಿ ತಿಕ್ಕಿದರೆ ಕಪ್ಪಗೆ ಅಂಟುತ್ತಿತ್ತು. ಯಾರೋ ಆಯಿಲ್ ಹೊಡೆಸಿದ್ದ ಗುರುತು. ಹುಡುಗ ಅಂಗಡಿಗೆ ಓಡಿ ಬುಷ್ ತಂದ. ಎಡಕ್ಕೂ ಬಲಕ್ಕೂ ಹಾಕಿದರು. ಅದರ ಬೆಲೆ ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಇರಲಿಲ್ಲ. ಶಾಕ್ ಅಬ್ಸಾರ್ಬರಿಗೆ ಸುರಿದದ್ದು ನೆನೆದು ಚಿಕ್ಕಪ್ಪ ಹಲ್ಲು ಕಡಿದರು.

ಮತ್ತೆ ಬಯಲಿಗೆ. ಬ್ರೇಕು, ಇಲ್ಲ. ರಿವರ್ಸ್, ಇಲ್ಲ. ಸದ್ದು ಹೋಗಿತ್ತು. ನಾನು ನಗುತ್ತ ಶೆಡ್ಡಿನ ಕಡೆ ತಿರುಗಿಸಿದೆ. ಚಿಕ್ಕಪ್ಪ ಆಗಲೇ ಮಣಿಬ್ಯಾಗು ತೆಗೆದು ನಿಂತಿದ್ದರು. ಮೇಸ್ತ್ರಿ ಇಳಿಯಲಿಲ್ಲ.

‘ಇನ್ನೊಂದದೆ’ ಎಂದರು.

‘ಏನು ಇನ್ನೊಂದು?’

‘ದೊಡ್ ಸದ್ದು ಹೋದ್ಮೇಲೆ ಅಡೀಲಿ ಚಿಕ್ಕದೊಂದು ಕೇಳ್ತು. ಗೇಟ್ ಹತ್ರ ಎಡಕ್ಕೆ ತಿರುಗಿಸ್ಕೊಂಡು ಚರಂಡಿ ಇಳಿದ್ಯಲ್ಲ, ಆಗ. ಇನ್ನೊಂದ್ಸಲ ಅಲ್ಲೇ ಇಳಿಸು.’

ಇಳಿಸಿದೆ. ನನಗೆ ಏನೂ ಕೇಳಲಿಲ್ಲ. ಚಿಕ್ಕಪ್ಪನಿಗೂ ಇಲ್ಲ. ‘ಮೇಸ್ತ್ರಿ, ಹೊತ್ತಾಯ್ತು. ಸರಗೂರಿಗೆ ಹೋಗಿ ಬರಬೇಕು’ ಎಂದರು ಚಿಕ್ಕಪ್ಪ. ಮೇಸ್ತ್ರಿ ಅವರ ಮುಖ ನೋಡಿ, ‘ಯಾರನ್ನ ಕರ್ಕೊಂಡು ಬರಾಕೆ?’ ಎಂದು ಕೇಳಿದರು. ಹೇಳಿದೆವು. ಅವರು ಮಾತಾಡದೆ ಹುಡುಗನಿಗೆ ಜಾಕ್ ತರಲು ಹೇಳಿದರು.

ಈ ಸಲ ಕಾರಿನ ಮೈಗೆ ಜಾಕ್ ಕೊಟ್ಟು ಗಾಲಿ ಜೋತುಬೀಳುವ ಹಾಗೆ ಎತ್ತಿಸಿದರು. ಗಾಲಿಯನ್ನು ಎಡಬಲ ಹಿಡಿದು ಅಲ್ಲಾಡಿಸಿದರು, ಗಡಿಯಾರದ ಒಂಬತ್ತು ಮತ್ತು ಮೂರರ ಜಾಗ. ಆಡಲಿಲ್ಲ. ಅಂದರೆ ಟೈ ರಾಡ್ ಎಂಡ್, ರ್ಯಾಕ್ ಸರಿ. ಹನ್ನೆರಡು ಮತ್ತು ಆರರ ಜಾಗ ಹಿಡಿದು ಅಲ್ಲಾಡಿಸಿದರು. ಕೂದಲೆಳೆಯಷ್ಟು ಕಟ್ ಎಂದಿತು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಹಿಡಿ ಎಂದರು. ಬ್ರೇಕು ಹಿಡಿದರೆ ಗಾಲಿಯೂ ಅದರ ಬೇರಿಂಗೂ ಒಂದೇ ಗಟ್ಟಿಯಾಗುತ್ತವೆ, ಆಗ ಆಟ ನಿಂತರೆ ತಪ್ಪು ಬೇರಿಂಗಿನದು. ನಿಲ್ಲಲಿಲ್ಲ. ಮತ್ತೆ ಕಟ್. ಟೈರ್ ಲಿವರ್ ತೆಗೆದುಕೊಂಡು ತೋಳಿನ ತುದಿಗೂ ಗಾಲಿಯ ಗಂಟಿಗೂ ನಡುವೆ ಇಟ್ಟು ಮೇಲಕ್ಕೆ ಮೀಟಿದರು. ‘ಕೆಳಗೆ ಬಗ್ಗಿ ನೋಡಿ ಗೌಡ್ರೆ’ ಎಂದರು.

ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಮಣ್ಣಿನಲ್ಲೇ ಮಂಡಿಯೂರಿದರು. ನಾನೂ ಬಗ್ಗಿದೆ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಹರಿದ ಜಾಗದಿಂದ ಗ್ರೀಸ್ ಬದಲು ಕೆಂಪು ಕೆಸರು ಇಣುಕುತ್ತಿತ್ತು, ನಮ್ಮ ಮನೆ ಮುಂದಿನ ಜಾಡಿನದೇ ಇರಬೇಕು. ಲಿವರ್ ಮೀಟಿದಾಗಲೆಲ್ಲ ಗುಂಡು ಬಟ್ಟಲಿಂದ ಸ್ವಲ್ಪ ಮೇಲೇಳುತ್ತಿತ್ತು, ಬಿಟ್ಟಾಗ ಕೂರುತ್ತಿತ್ತು. ಕೆಸರು ಮರಳುಕಾಗದದಂತೆ ವರ್ಷಗಟ್ಟಲೆ ಬಟ್ಟಲನ್ನು ಸವೆಸಿತ್ತು. ಕೆ.ಆರ್. ನಗರದ ಗುಂಡಿ ಅದಕ್ಕೆ ಕಡೆಯ ಏಟು ಕೊಟ್ಟಿರಬಹುದು, ಶುರು ಮಾಡಿದ್ದು ಅದಲ್ಲ.

‘ಇದು ಈಚೆ ಬಂದ್ರೆ ಏನಾಯ್ತದೆ?’ ಎಂದರು ಚಿಕ್ಕಪ್ಪ.

‘ತೋಳಿಗೂ ಗಾಲಿಗೂ ಸಂಬಂಧ ತಪ್ಪೋಯ್ತದೆ. ಗಾಲಿ ಹೊರಕ್ಕೆ ಮಗುಚ್ಕೊಳ್ತದೆ. ಸ್ಟೀರಿಂಗ್ ಯಾವ ಕಡೆ ತಿರುಗಿಸಿದ್ರೂ ಅಷ್ಟೆಯ.’ ಸ್ವಲ್ಪ ತಡೆದು ಹೇಳಿದರು, ‘ಯಾವತ್ತು ಬತ್ತದೆ ಅಂತ ಹೇಳಾಕಾಗಲ್ಲ. ಇವತ್ತೇ ಅಂತಾನೂ ಅಲ್ಲ. ಆದ್ರೆ ಇದ್ರಲ್ಲಿ ಆ ಹೆಣ್ಮಗಳನ್ನ ಕೂರಿಸ್ಕೊಂಡು ಬರಾಕೆ ನಾನು ಹೇಳಾಕಿಲ್ಲ.’

ಚಿಕ್ಕಪ್ಪನ ಅವಸರ ಅಲ್ಲಿಗೆ ಇಳಿಯಿತು. ಆ ದಿನ ಮನಸ್ಸಿಗೆ ನಾಟಿದ್ದು ಇದು: ಜೋರಾಗಿ ಕೂಗುತ್ತಿದ್ದ ಬುಷ್ಷಿನಿಂದ ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ಅಪಾಯ ಇದ್ದದ್ದು ಪಿಸುಗುಟ್ಟುತ್ತಿದ್ದ ಬಾಲ್ ಜಾಯಿಂಟಿನಲ್ಲಿ. ಆ ಟಕ್ ಇಲ್ಲದೆಹೋಗಿದ್ದರೆ ನಾವು ಹುಣಸೂರಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಟಕ್ ಹೋದ ಕೂಡಲೇ ದುಡ್ಡು ಎಣಿಸಿಕೊಂಡು ಕಳಿಸುವ ಕೈಗೆ ಬಿದ್ದಿದ್ದರೂ ನಾವು ಅದೇ ಗುಂಡನ್ನು ಅಡಿಯಲ್ಲಿಟ್ಟುಕೊಂಡು ಹೋಗುತ್ತಿದ್ದೆವು. ರಿಪೇರಿ ಆದ ಮೇಲೆ ಇನ್ನೊಮ್ಮೆ ಓಡಿಸಿ ಕೇಳುವುದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ನನ್ನ ಮಟ್ಟಿಗೆ ಆ ದಿನದ ದೊಡ್ಡ ಕೆಲಸ ಅದೇ.

ಮಾರುತಿಗೆ ತೋಳನ್ನು ಪೂರ್ತಿಯಾಗಿ ಬದಲಿಸುವುದೇ ಸರಿ ಎಂದರು. ಎಡಗಡೆಯ ತೋಳು ಹುಣಸೂರಿನ ಅಂಗಡಿಗಳಲ್ಲಿ ಆ ಹೊತ್ತಿಗೆ ಸಿಗಲಿಲ್ಲ. ಚಿಕ್ಕಪ್ಪ ಮೈಸೂರಿನ ಬಸ್ಸು ಹತ್ತಿದರು. ನಾನು ಎಸ್‌ಟಿಡಿ ಬೂತಿನಿಂದ ಸರಗೂರಿನ ಭಾವನಿಗೆ ಫೋನು ಮಾಡಿ, ಇವತ್ತಲ್ಲ ನಾಳೆ ಬರುತ್ತೇವೆ ಎಂದೆ. ಊರಿಗೆ ಫೋನು ಮಾಡಿದರೆ ಅಪ್ಪ ಸಿಗಲಿಲ್ಲ, ಬ್ಯಾರನ್ ಮುಂದಿದ್ದರು. ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಪ್ಪ ಗೋಣಿತಾಟಿನಲ್ಲಿ ಸುತ್ತಿದ ತೋಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

ಹಳೆಯದನ್ನು ಬಿಚ್ಚಲು ಸುತ್ತಿಗೆ ಏಟು ಬೇಕಾಯಿತು. ಹೊಸದನ್ನು ಕೂರಿಸಿ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಗಾಲಿ ಹಾಕಿ, ಕಾರನ್ನು ನೆಲಕ್ಕೆ ಇಳಿಸಿದರು. ಆಮೇಲೆ ಕೆಳಗೆ ಮಲಗಿ ಒಳತುದಿಯ ಬುಷ್ಷಿನ ಬೋಲ್ಟು ಪೂರ್ತಿ ಬಿಗಿದರು. ನನಗೆ ಇದು ಉಲ್ಟಾ ಕಂಡಿತು. ಎತ್ತಿದ್ದಾಗಲೇ ಬಿಗಿದಿದ್ದರೆ ಸಲೀಸಲ್ಲವೇ ಎಂದೆ. ಅವರು ಕೆಳಗಿನಿಂದಲೇ ಹೇಳಿದರು: ‘ಎತ್ತಿದ್ದಾಗ ತೋಳು ಜೋತುಬಿದ್ದಿರ್ತದೆ ತಮ್ಮ. ಆಗ ಬಿಗಿದ್ರೆ ರಬ್ಬರು ಆ ಜಾಗದಲ್ಲೇ ಕಚ್ಕೊಳ್ತದೆ. ನೆಲಕ್ಕೆ ಬಿಟ್ರೆ ತೋಳು ಮೇಲಕ್ಕೆ ಬತ್ತದೆ, ರಬ್ಬರು ಯಾವಾಗ್ಲೂ ತಿರುಚ್ಕೊಂಡೇ ಇರ್ತದೆ. ಬೇಗ ಹರಿತದೆ. ಗಾಡಿ ನಿಂತ ಭಂಗೀಲೇ ಬಿಗೀಬೇಕು.’ ಈಗ ನನ್ನ ಕಾರು ಬೇರೆ. ಯಾವ ಗ್ಯಾರೇಜಿನಲ್ಲೇ ಆಗಲಿ ಬುಷ್ ಹಾಕಿಸಿದರೆ ನಾನು ಪಕ್ಕದಲ್ಲಿ ನಿಂತು ನೋಡುವುದು ಈ ಒಂದನ್ನು. ಎಷ್ಟೋ ಹೊಸ ಬುಷ್ಷುಗಳು ವರ್ಷದೊಳಗೆ ಹೋಗುವುದು ಸಾಮಾನಿನ ದೋಷದಿಂದಲ್ಲ, ಗಾಳಿಯಲ್ಲಿ ಬಿಗಿದದ್ದರಿಂದ.

ರಾತ್ರಿ ಶೆಡ್ಡಿನ ಬೆಂಚಿನ ಮೇಲೆ ಮಲಗಿದೆವು. ಬೆಳಿಗ್ಗೆ ಹೊರಡುವಾಗ ಮೇಸ್ತ್ರಿ ಎರಡು ಮಾತು ಹೇಳಿದರು. ತೋಳು ಬದಲಿಸಿದ್ದರಿಂದ ಗಾಲಿಯ ನೇರ ತಪ್ಪಿರುತ್ತದೆ, ಮೈಸೂರಿಗೆ ಹೋದಾಗ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದಂಚಿನಲ್ಲಿ ಸವೆಯುತ್ತದೆ. ಇನ್ನೊಂದು, ಹೊಸ ರಬ್ಬರು ಸ್ವಲ್ಪ ಓಡಿದ ಮೇಲೆ ಕೂರುತ್ತದೆ, ಆಗ ನಟ್ಟು ನೋಡಬೇಕು, ಮತ್ತೆ ಬನ್ನಿ.

ಎಚ್.ಡಿ. ಕೋಟೆ ಮುಟ್ಟುವ ಹೊತ್ತಿಗೆ ಮಳೆ ಹೊಳವಾಗಿತ್ತು. ಹ್ಯಾಂಡ್‌ಪೋಸ್ಟ್ ದಾಟಿ ಸರಗೂರಿನ ದಾರಿ ಹಿಡಿದು ಹೋಗಿ, ಮಡಿಲಕ್ಕಿ ಮುಗಿಸಿ, ಅಕ್ಕನನ್ನು ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿಕೊಂಡು ಬಂದೆವು. ಗುಂಡಿ ಸಿಕ್ಕಾಗಲೆಲ್ಲ ಚಿಕ್ಕಪ್ಪ ಮುಂದಕ್ಕೆ ಬಗ್ಗಿ ಕೇಳುತ್ತಿದ್ದರು. ಬ್ರೇಕ್ ಹಿಡಿದಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಎಡಕ್ಕೆ ತಿರುಗಿಸಿಕೊಂಡು ತಗ್ಗು ಇಳಿದಾಗ ಇಬ್ಬರೂ. ಅಕ್ಕನಿಗೆ ಇದೇನೂ ಗೊತ್ತಿರಲಿಲ್ಲ. ‘ಯಾಕ್ರಪ್ಪ ಇಬ್ರೂ ಮಾತೇ ಆಡ್ತಿಲ್ಲ, ಜಗಳ ಆಡ್ಕೊಂಡ್ರಾ?’ ಎಂದು ಕೇಳಿದಳು. ಹೆರಿಗೆ ಆಗುವವರೆಗೂ ನಾವು ಅವಳಿಗೆ ಹೇಳಲಿಲ್ಲ.

ಹೆರಿಗೆಯಾಗಿ, ಬ್ಯಾರನ್ ಕೆಲಸವೂ ಒಂದು ಹದಕ್ಕೆ ಬಂದ ಮೇಲೆ ಅಪ್ಪ, ನಾನು ಹುಣಸೂರಿಗೆ ಹೋದೆವು. ಅಪ್ಪ ಸಕ್ಕರೆ, ಕಲ್ಲುಸಕ್ಕರೆ, ಒಂದು ಡಬ್ಬಿ ಮೈಸೂರು ಪಾಕು ಹಿಡಿದಿದ್ದರು. ಮೇಸ್ತ್ರಿ ಡಬ್ಬಿ ಇಸಿದುಕೊಂಡು ಹುಡುಗನ ಕೈಗೆ ಕೊಟ್ಟರು. ಅಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೋಣಿಚೀಲ ಹಾಸಿ 17ರ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೂರಿದ್ದರು. ಕಾಲೆರಡು ಮಾತ್ರ ಕಾಣುತ್ತಿದ್ದವು.

‘ಗಂಡಾ, ಹೆಣ್ಣಾ?’ ಎಂದು ಒಳಗಿನಿಂದ ಕೇಳಿತು.

‘ಹೆಣ್ಣು’ ಎಂದರು ಅಪ್ಪ.

‘ಒಳ್ಳೇದಾಯ್ತು ಬುಡಿ. ತಮ್ಮಾ, ಒಳಗೆ ಕೂತ್ಕೊಂಡು ಬ್ರೇಕ್ ಒತ್ತು, ನಟ್ಟು ನೋಡ್ವ.’